ಶುವಾಯಿಯ ಒಂದೇ ಒಂದು ಕುಂಬಳ

ಬೆಳಿಗ್ಗೆ ಐದೂವರೆಗೆ ಎದ್ದು ಹಿತ್ತಲಿಗೆ ಹೋಗಿ ನೋಡಿದರೆ ಸಿಹಿಗುಂಬಳದ ಬಳ್ಳಿಯ ತುದಿ ಮತ್ತೆ ಮಾಯ. ಒಂದಲ್ಲ, ನಾಲ್ಕು ತುದಿ. ಚಿವುಟಿದ ಜಾಗದಲ್ಲಿ ಹಸಿ ನೀರು ಇನ್ನೂ ಜಿನುಗುತ್ತಿತ್ತು. ಶುವಾಯಿ ಸೊಂಟಕ್ಕೆ ಕೈಕೊಟ್ಟು ನಿಂತಳು. ಕಳ್ಳರು ಬಂದು ಕಿತ್ತಿದ್ದರೆ ಬಾಯಿತುಂಬ ಬೈದು ಹಗುರಾಗಬಹುದಿತ್ತು. ಆದರೆ ಕಿತ್ತವರು ಅವಳದೇ ಅಡುಗೆಮನೆಯಲ್ಲಿ ಕೂತು, ದಂಟಿನ ನಾರು ಸುಲಿಯುತ್ತಾ, ಚರ್ಚಿನ ಹಾಡು ಗುನುಗುತ್ತಿದ್ದರು.

"ಎದ್ಯಾ ಮುರೋರಾ? ನಾನೇ ಕಿತ್ಕೊಂಡು ಬಂದೆ ನೋಡು, ನಿಂಗ್ಯಾಕೆ ಕಷ್ಟ ಅಂತ. ಮಧ್ಯಾಹ್ನ ಮುದ್ದೆಗೆ ಶೇಂಗಾ ಹಾಕಿ ಕುಂಬಳದ ಸೊಪ್ಪಿನ ಪಲ್ಯ ಮಾಡೋಣ. ಹೂವೂ ನಾಲ್ಕು ಸಿಕ್ವು."

ಹೂವು! ಶುವಾಯಿ ಬೇಸಿನ್ನಿನಲ್ಲಿ ಇಣುಕಿದಳು. ನಾಲ್ಕರಲ್ಲಿ ಎರಡರ ಬುಡದಲ್ಲಿ ಗೋಲಿಯಷ್ಟು ಪುಟ್ಟ ಕಾಯಿ ಅಂಟಿಕೊಂಡಿತ್ತು.

"ಒಳ್ಳೇದಾಯ್ತು, ತೇತೆ" ಅಂದಳು.

ಇನ್ನೇನು ಹೇಳಲಾಗುತ್ತದೆ? ತೇತೆ ಅಂದರೆ ಗಂಡನ ಅಕ್ಕ. ಮಾವ ಇಲ್ಲದ ಮನೆಯಲ್ಲಿ ಮಾವನ ಜಾಗ ಅವರದು. ತಮ್ಮನ ಹೆಂಡತಿಯನ್ನು ಮುರೋರಾ, ಅಂದರೆ ಸೊಸೆ, ಎಂದೇ ಕರೆಯುತ್ತಾರೆ. ಅವರಿಗೆ ಊಟ ಬಡಿಸುವುದು ಮಂಡಿಯೂರಿ. ತೇತೆ ರೆಜಿನಾ ಮೊಣಕಾಲಿನ ಚಿಕಿತ್ಸೆಗೆಂದು ಗ್ವೆರುವಿನಿಂದ ಮುತಾರೆಯ ತಮ್ಮನ ಮನೆಗೆ ಬಂದು ಆರು ವಾರವಾಗಿತ್ತು. ಮೊಣಕಾಲು ಮಡಚಲು ಬಾರದು, ಪ್ರಾರ್ಥನೆಯನ್ನೂ ಕುರ್ಚಿಯಲ್ಲಿ ಕೂತೇ ಮಾಡುತ್ತಿದ್ದರು. ಅದೇ ಕಾಲಿನಲ್ಲಿ ನಸುಕಿಗೇ ಹಿತ್ತಲು ಸುತ್ತಿ ಬರಲು ಮಾತ್ರ ಯಾವ ಅಡ್ಡಿಯೂ ಇರಲಿಲ್ಲ!

ಹಾಗಂತ ತೇತೆ ಕೆಟ್ಟವರಲ್ಲ, ಅದೇ ದೊಡ್ಡ ತೊಂದರೆ. ಕೆಟ್ಟವರಾಗಿದ್ದರೆ ಗಂಡ ಗರಿಕಾಯಿಯ ಹತ್ತಿರ ದೂರಬಹುದಿತ್ತು. ದಿನವಿಡೀ ಸುಮ್ಮನೆ ಕೂರದ ಹೆಂಗಸು, ಸಂಜೆ ಶುವಾಯಿಯ ಪಾದಕ್ಕೆ ಎಣ್ಣೆ ಹಚ್ಚಲು ಬರುವಷ್ಟು ಪ್ರೀತಿ. ಹಿತ್ತಲಲ್ಲಿ ಸೊಪ್ಪು, ಟೊಮೇಟೊ, ಈರುಳ್ಳಿ, ಪೇರಲೆ ಗಿಡ ಎಲ್ಲವೂ ಇದ್ದವು. ಅದನ್ನೆಲ್ಲ ಬುಡಸಮೇತ ಕಿತ್ತು ತಿಂದಿದ್ದರೂ ಶುವಾಯಿ ಚಕಾರ ಎತ್ತುತ್ತಿರಲಿಲ್ಲ. ಹಿಂದಿನ ಗೋಡೆಗೆ ಹಬ್ಬಿದ ಆ ಒಂದು ಬಳ್ಳಿ ಬಿಟ್ಟರೆ ಸಾಕಾಗಿತ್ತು.

ಆ ಬಳ್ಳಿ ಅವಳ ತಾಯಿಯದು.

ಕಳೆದ ಆಗಸ್ಟಿನಲ್ಲಿ ತಾಯಿ ತೀರಿಕೊಂಡರು. ಸತ್ತವರ ಬಟ್ಟೆ ಹಂಚುವ ದಿನ ತವರೂರಲ್ಲಿ ಎಲ್ಲರೂ ಸೇರಿ ಕಂಬಳಿ, ಕೋಟು, ಪಾತ್ರೆ ಹಂಚಿಕೊಂಡರು. ಅಡುಗೆ ಗುಡಿಸಲಿನ ಸೂರಿನಲ್ಲಿ ಹೊಗೆ ಹಿಡಿದು ನೇತಾಡುತ್ತಿದ್ದ ಒಂದು ಬಟ್ಟೆಗಂಟನ್ನು ಯಾರೂ ಕೇಳಲಿಲ್ಲ. ಶುವಾಯಿ ಬಿಚ್ಚಿ ನೋಡಿದರೆ ಏಳು ಕುಂಬಳದ ಬೀಜ. ಬೂದಿಬಣ್ಣದ ಸಿಪ್ಪೆಯ, ಬೇಯಿಸಿದರೆ ನೀರೊಡೆಯದೆ ಹಿಟ್ಟುಹಿಟ್ಟಾಗುವ ಆ ಕುಂಬಳ ಅಜ್ಜಿಯ ಕಾಲದಿಂದ ಅವರ ಮನೆಯಲ್ಲಿ ಬೆಳೆಯುತ್ತಿತ್ತು. ಕಾಯಿಲೆ ಬಿದ್ದ ಎರಡು ವರ್ಷ ತಾಯಿ ಬಿತ್ತಿರಲಿಲ್ಲ. ಅಣ್ಣನಂತೂ ಪೇಟೆಯ ಪೊಟ್ಟಣದ ಬೀಜ ಬಿಟ್ಟರೆ ಬೇರೆ ಮುಟ್ಟುವವನಲ್ಲ. ಏಳರಲ್ಲಿ ನಾಲ್ಕಕ್ಕೆ ಹುಳು ತೂತು ಕೊರೆದಿತ್ತು. ಉಳಿದ ಮೂರನ್ನು ನವೆಂಬರಿನ ಮೊದಲ ಮಳೆಗೆ ಬಿತ್ತಿದಳು. ಒಂದು ಕೊಳೆಯಿತು, ಒಂದರ ಮೊಳಕೆಯನ್ನು ಕೋಳಿ ಕುಕ್ಕಿತು, ಒಂದು ಎದ್ದು ಬಂತು. ಅದರಲ್ಲಿ ಒಂದೇ ಒಂದು ಕಾಯಿ ಬಲಿತು ಹಣ್ಣಾದರೆ ಕೈತುಂಬ ಬೀಜ. ಆಗದಿದ್ದರೆ ತಾಯಿಯ ಕುಂಬಳ ಅಲ್ಲಿಗೆ ಮುಗಿಯಿತು.

ಇದನ್ನು ತೇತೆಗೆ ಹೇಳಬಹುದಿತ್ತಲ್ಲ ಅನ್ನುತ್ತೀರಿ. ಹೇಳುವುದು ಹೇಗೆ? ಸೊಸೆಯಾದವಳು ತೇತೆಯ ಬೇಸಿನ್ನಿನ ಎದುರು ನಿಂತು "ಇದು ನಮ್ಮ ತವರಿಂದು" ಅಂದರೆ, ಕೈ ತೆಗೀರಿ ಅಂದ ಹಾಗೇ. ಗಂಡನಿಗೆ ಹೇಳಿದ್ದಳು. ಬೇಕರಿಯಲ್ಲಿ ಬೆಳತನಕ ಬ್ರೆಡ್ ಸುಟ್ಟು ಬಂದು ಹಾಸಿಗೆಗೆ ಬಿದ್ದಿದ್ದ ಗರಿಕಾಯಿ, "ಹೂಂ ಹೂಂ, ಅಕ್ಕಂಗೆ ಹೇಳ್ತೀನಿ ಬಿಡು" ಅಂದು ಗೋಡೆ ಕಡೆ ತಿರುಗಿ ಮಲಗಿದ. ಅವನು ಹೇಳಿದಂತೆಯೇ!

ಮೊದಲ ಕಾಯಿ ಹೋದದ್ದು ತೇತೆ ಬಂದ ವಾರದಲ್ಲೇ. ಮುಷ್ಟಿಗಾತ್ರ ಆಗಿತ್ತು. ತೇತೆ ಹಿತ್ತಲಿಗೆ ಕಾಲಿಟ್ಟವರೇ, "ಅಗೋ ನೋಡು, ಕುಂಬಳ!" ಎಂದು ಬೆರಳು ನೀಡಿ ತೋರಿಸಿದರು. ಎಳೆ ಕುಂಬಳವನ್ನು ಬೆರಳು ಮಾಡಿ ತೋರಿಸಬಾರದು, ಕೊಳೆತು ಉದುರುತ್ತದೆ. ತೋರಿಸಲೇಬೇಕಿದ್ದರೆ ಮುಷ್ಟಿ ಕಟ್ಟಿ ತೋರಿಸಬೇಕು. ನಡೆಯಲು ಕಲಿಯುವ ಹೊತ್ತಿಗೇ ತಾಯಿ ಕಲಿಸಿದ ಪಾಠ ಅದು.

"ತೇತೆ, ಬೆರಳು..." ಅಂದಳು, ನಾಲಿಗೆ ತಡೆಯದೆ.

ತೇತೆ ಗೊಳ್ಳೆಂದು ನಕ್ಕರು. "ಅಯ್ಯೋ ಹುಚ್ಚಿ, ಭಾನುವಾರ ಭಾನುವಾರ ಚರ್ಚಿಗೆ ಹೋಗ್ತೀಯ, ಇನ್ನೂ ಇದನ್ನೆಲ್ಲ ನಂಬ್ತೀಯಾ? ನನ್ನ ಬೆರಳಲ್ಲಿ ವಿಷ ಇದೆಯಾ?"

ಗೋಡೆಯಾಚೆಯಿಂದ ಪಕ್ಕದ ಮನೆಯ ಮಾಯಿ ಕುಂಡಾಯಿಯೂ ನಕ್ಕಳು. ಶುವಾಯಿಗೆ ನಾಚಿಕೆಯಾಯಿತು. ನಾಲ್ಕನೆಯ ದಿನ ಕಾಯಿ ಹಳದಿಯಾಗಿ, ಮೂತಿ ಮೆತ್ತಗಾಗಿ, ನೆಲಕ್ಕೆ ಬಿತ್ತು. "ನೀರು ಸಾಲದಾಯ್ತು" ಅಂದರು ತೇತೆ. ನೀರು ಸಾಲದಿದ್ದದ್ದೂ ನಿಜವೇ. ನಲ್ಲಿಯಲ್ಲಿ ವಾರಕ್ಕೊಮ್ಮೆ ಬರುವ ನೀರಿಗೆ ಎಷ್ಟು ಕುಂಬಳ ಬೆಳೆಯುತ್ತದೆ? ಆದರೂ ಶುವಾಯಿಗೆ ಆ ಬೆರಳು ಕನಸಿನಲ್ಲೂ ಕಾಣುತ್ತಿತ್ತು.

ಆಮೇಲಿನದು ದಿನದಿನದ ಹಿಂಸೆ. ತೇತೆ ತುದಿ ಚಿವುಟುವುದು, ಹೂ ಕೀಳುವುದು. ಅವರು ಮುಗಿಸಿದ ಮೇಲೆ ಗೋಡೆಯ ಮೇಲೆ ಮಾಯಿ ಕುಂಡಾಯಿಯ ತಲೆ. "ಮಾಯಿ ಚೆನಾಯಿ, ಒಂದು ಹಿಡಿ ಸೊಪ್ಪು ಕೊಡ್ತೀಯಾ? ಮಕ್ಕಳು ಬರೀ ಮುದ್ದೆ ನೋಡ್ಕೊಂಡು ಕೂತವೆ." ಮಾಯಿ ಅಂದರೆ ತಾಯಿ; ಚೆನಾಯಿ ಶುವಾಯಿಯ ಮಗಳು, ಬೋರ್ಡಿಂಗ್ ಶಾಲೆಯಲ್ಲಿದ್ದಳು. ಮುದ್ದೆಗೆ ನೆಂಚಿಕೊಳ್ಳಲು ಸೊಪ್ಪು ಕೇಳಿದವರಿಗೆ ಇಲ್ಲವೆಂದ ಮನೆ ಆ ಬೀದಿಯಲ್ಲಿ ಇರಲಿಲ್ಲ. ಶುವಾಯಿ ಹಲ್ಲುಕಚ್ಚಿ ಕಿತ್ತು ಕೊಡುತ್ತಿದ್ದಳು, ಹಳೆಯ ಎಲೆಗಳನ್ನೇ ಆರಿಸಿ. "ಇದು ಸ್ವಲ್ಪ ಬಲಿತಿದೆ ಅಲ್ವಾ?" ಎಂದು ಅದಕ್ಕೂ ಒಂದು ಮಾತು.

ಅಷ್ಟರ ನಡುವೆಯೂ ಒಂದು ಕಾಯಿ ತಪ್ಪಿಸಿಕೊಂಡಿತು. ನೀರಿನ ಡ್ರಮ್ಮಿಗೂ ಗೋಡೆಗೂ ನಡುವಿನ ಸಂದಿಯಲ್ಲಿ, ಯಾರ ಕಣ್ಣಿಗೂ ಬೀಳದೆ, ತೆಂಗಿನಕಾಯಿ ಗಾತ್ರಕ್ಕೆ ಬೆಳೆದಿತ್ತು. ಕಂಡ ದಿನ ಶುವಾಯಿಗೆ ಖುಷಿಯಲ್ಲಿ ಅಳು ಬಂತು. ಕಾಯಿಯ ಕೆಳಗೆ ಹುಲ್ಲು ಹಾಸಿದಳು, ಮೇಲೆ ಒಣ ಎಲೆ ಮುಚ್ಚಿದಳು. ಪಾತ್ರೆ ತೊಳೆದ ನೀರು, ಸ್ನಾನದ ನೀರು ಎಲ್ಲ ಅದರ ಬುಡಕ್ಕೆ. ತಾನೇ ನೋಡುವಾಗಲೂ ಕೈ ಬೆನ್ನಹಿಂದೆ ಕಟ್ಟಿಕೊಳ್ಳುತ್ತಿದ್ದಳು, ತಪ್ಪಿ ಎಲ್ಲಿ ಬೆರಳು ಏಳುತ್ತದೋ ಎಂದು.

ಮಾರ್ಚಿನಲ್ಲಿ ತೇತೆ ಅದನ್ನೂ ಕಂಡುಹಿಡಿದರು.

"ಕಳ್ಳೀ! ಇಲ್ಲಿ ಬಚ್ಚಿಟ್ಟಿದ್ದೀಯಾ?" ಎಂದು ನಕ್ಕರು. "ಹಸಿರು ಇರುವಾಗ್ಲೇ ಚೆನ್ನಾಗಿರುತ್ತೆ, ಕುಯ್ಯಲಾ?"

"ಬೇಡಿ ತೇತೆ!" ಶುವಾಯಿಯ ದನಿ ಅವಳಿಗೇ ಗುರುತು ಸಿಗದಷ್ಟು ಗಟ್ಟಿಯಾಗಿತ್ತು. ತಕ್ಷಣ ತಗ್ಗಿಸಿದಳು. "ಅದೊಂದು ಬಲೀಲಿ ತೇತೆ. ತೊಟ್ಟು ಒಣಗೋವರೆಗೂ ಬಿಡೋಣ. ದಯವಿಟ್ಟು."

ತೇತೆ ಅವಳ ಮುಖವನ್ನು ಕ್ಷಣಕಾಲ ನೋಡಿದರು. ಆಮೇಲೆ ಅವರ ಮುಖ ಅರಳಿತು. "ಓ... ಹಾಗಾ ವಿಷಯ! ಆಗ್ಲಿ ಮಗಳೇ, ಆಗ್ಲಿ. ತೊಟ್ಟು ಒಣಗೋವರೆಗೂ ಮುಟ್ಟಲ್ಲ." ಹೋಗುತ್ತಾ ಅವಳ ಬೆನ್ನು ತಟ್ಟಿದರು. ಅರ್ಥವಾಯಿತಲ್ಲ ಸದ್ಯ ಎಂದು ಶುವಾಯಿ ದೇವರಿಗೆ ಕೈಮುಗಿದಳು. ಏನು ಅರ್ಥವಾಯಿತು ಎಂದು ಕೇಳುವ ಬುದ್ಧಿ ಮಾತ್ರ ಬರಲಿಲ್ಲ. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಮತ್ತೆ ಸಿಗುತ್ತಿತ್ತೇ? ಬಾಯಿ ಬಿಡಲಿಲ್ಲ, ಪುಣ್ಯಾತ್ಗಿತ್ತಿ.

ತೇತೆ ಮಾತಿಗೆ ತಪ್ಪಲಿಲ್ಲ. ಮೂರು ವಾರ ಆ ಸಂದಿಯ ಕಡೆ ಸುಳಿಯಲಿಲ್ಲ. ಕಾಯಿ ಬೂದಿಬಣ್ಣಕ್ಕೆ ತಿರುಗಿ, ತೊಟ್ಟು ಮರದಂತಾಗುತ್ತಾ ಬಂತು. ಇನ್ನೆರಡು ದಿನ ಬಿಸಿಲಲ್ಲಿ ಇದ್ದರೆ ಬೀಜವೂ ಪಕ್ಕಾ ಆಗುತ್ತದೆ, ಸೋಮವಾರ ಕುಯ್ಯುತ್ತೇನೆ ಎಂದು ಶುವಾಯಿ ಲೆಕ್ಕ ಹಾಕಿದ್ದಳು. ತೇತೆ ಊರಿಗೆ ಹೊರಡುವುದೂ ಸೋಮವಾರವೇ.

ಶನಿವಾರ ಬಂತು. ನಲ್ಲಿ ಬಂದು ಒಂಬತ್ತು ದಿನವಾಗಿತ್ತು. ಶುವಾಯಿ ಎರಡು ಬಕೆಟ್ ಹಿಡಿದು ಬೋರ್‌ವೆಲ್ಲಿನ ಸಾಲಿಗೆ ಹೋದಳು. ಅಲ್ಲಿ ಪಂಪು ಹೊಡೆಯುವ ಸರದಿಗೆ ಜಗಳ, ನಡುವೆ ನುಗ್ಗಿದವಳ ಜೊತೆ ಕೂದಲು ಹಿಡಿಯುವುದೊಂದು ಬಾಕಿ. ಐದು ಗಂಟೆ ಬಿಸಿಲಲ್ಲಿ ನಿಂತು, ತಲೆಯ ಮೇಲೊಂದು ಕೈಯಲ್ಲೊಂದು ಬಕೆಟ್ ಹೊತ್ತು ಮನೆಗೆ ಬರುವಾಗ ಕತ್ತು ಮುರಿದು ಬೀಳುವಂತಾಗಿತ್ತು. ಒಂದು ಬಕೆಟ್ ಅಡುಗೆಗೆ, ಅರ್ಧ ಸ್ನಾನಕ್ಕೆ, ಅರ್ಧ ಕುಂಬಳಕ್ಕೆ ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದಳು.

ಗೇಟಿನ ಹತ್ತಿರ ಬರುತ್ತಲೇ ವಾಸನೆ ಬಡಿಯಿತು. ಶೇಂಗಾ ಕಲೆಸಿ ಕುದಿಸಿದ ಕುಂಬಳ. ಅಂಗಳದಲ್ಲಿ ಚರ್ಚಿನ ಮೂವರು ಹೆಂಗಸರು ಚಾಪೆಯ ಮೇಲೆ ಕೂತು ತಟ್ಟೆ ನೆಕ್ಕುತ್ತಿದ್ದರು. ಕುರ್ಚಿಯಲ್ಲಿ ತೇತೆ, ಮುಖದಲ್ಲಿ ಹಬ್ಬ.

"ಬಾ ಮುರೋರಾ, ಬಾ! ನನ್ನ ಬೀಳ್ಕೊಡುಗೆಗೆ ಅಂತ ಎಷ್ಟು ಜತನ ಮಾಡಿ ಇಟ್ಟಿದ್ಳು ನೋಡ್ರೇ! ಇಂಥ ಸೊಸೆ ಯಾರಿಗೆ ಸಿಗ್ತಾಳೆ? ತೊಟ್ಟು ಒಣಗಿತ್ತು ಮಗಳೇ, ನೋಡೇ ಕುಯ್ದೆ. ಎಂಥ ಕುಂಬಳ, ಹಿಟ್ಟು ಹಿಟ್ಟು!"

ಶುವಾಯಿ ಬಕೆಟ್ ಇಳಿಸಿದಳು. ಒಂದು ವಾಲಿ ನೀರು ಚೆಲ್ಲಿತು, ಅವಳು ನೋಡಲಿಲ್ಲ.

"ಬೀಜ?" ಅಂದಳು.

"ಅದನ್ನ ಮರೀತೀನಾ? ನಿಂಗೆ ಅಂತಲೇ ಎತ್ತಿಟ್ಟಿದ್ದೀನಿ." ತೇತೆ ಪಕ್ಕದಿಂದ ಒಂದು ತಟ್ಟೆ ಎತ್ತಿ ಚಾಚಿದರು. ದಪ್ಪ ದಪ್ಪ ಬೀಜ, ಉಪ್ಪು ಹಾಕಿ, ಕೆಂಪಗೆ ಹುರಿದು, ಅಲ್ಲಲ್ಲಿ ಸಿಡಿದು. "ಬಿಸಿ ಇರುವಾಗ್ಲೇ ತಿನ್ನು."

ತೇತೆ ಕೊಟ್ಟದ್ದನ್ನು ಮಂಡಿಯೂರಿ ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು. ಶುವಾಯಿ ನಿಂತೇ ಇದ್ದಳು. ಚಾಪೆಯ ಮೇಲಿನ ಹೆಂಗಸರು ಅಗಿಯುವುದನ್ನು ನಿಲ್ಲಿಸಿದರು.

"ಅದು ನಮ್ಮಮ್ಮನ ಬೀಜ" ಅಂದಳು. "ನಮ್ಮಮ್ಮ ಸತ್ತಾಗ ಅಷ್ಟೇ ಸಿಕ್ಕಿದ್ದು ನಂಗೆ. ಏಳು ಬೀಜ. ಒಂದೇ ಹುಟ್ಟಿದ್ದು. ಒಂದೇ ಕಾಯಿ ನಿಂತಿದ್ದು. ಇನ್ನೆಲ್ಲೂ ಇಲ್ಲ ಅದು ತೇತೆ, ಎಲ್ಲೂ ಇಲ್ಲ! ಆರು ತಿಂಗಳು ಸ್ನಾನ ಬಿಟ್ಟು ನೀರು ಹಾಕ್ದೆ! ನೀವು ತುದಿ ಚಿವುಟಿದ್ರಿ, ಹೂ ಕಿತ್ರಿ, ಬೆರಳು ತೋರಿಸಿದ್ರಿ, ಈಗ ಹುರಿದು ಉಪ್ಪು ಹಾಕಿ ತಿನ್ನು ಅಂತೀರಿ!"

ಅಳು ಕಟ್ಟೆಯೊಡೆಯಿತು. ಹೆಂಗಸರು ತಟ್ಟೆ ಕೆಳಗಿಟ್ಟು ತಲೆ ತಗ್ಗಿಸಿದರು. ತೇತೆಯ ಕೈಯಲ್ಲಿ ತಟ್ಟೆ ಹಾಗೇ ಉಳಿಯಿತು.

"ಯಾಕೆ ಹೇಳ್ಲಿಲ್ಲ?" ಅಂದರು ಕೊನೆಗೆ, ಬಹಳ ಮೆಲ್ಲಗೆ. "ಒಂದು ಮಾತು ಹೇಳಿದ್ರೆ ನಾನೇ ಕಾವಲು ಕೂರ್ತಿರ್ಲಿಲ್ವಾ?"

ಆ ಮಾತಿಗೆ ಶುವಾಯಿಗೆ ಇನ್ನಷ್ಟು ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಗಿರಕ್ಕನೆ ತಿರುಗಿ ಹಿತ್ತಲಿಗೆ ಹೋದಳು.

ಕಸದ ಗುಂಡಿಯಲ್ಲಿ ಕುಂಬಳದ ಸಿಪ್ಪೆ, ತಿರುಳಿನ ಹಳದಿ ನಾರು ಬಿದ್ದಿದ್ದವು. ಮಾಯಿ ಕುಂಡಾಯಿಯ ಕೋಳಿಗಳು ಆಗಲೇ ಅದರ ಮೇಲೆ ಮುಗಿಬಿದ್ದಿದ್ದವು. "ಹುಶ್! ಹಾಳಾದವೇ!" ಎಂದು ಚಪ್ಪಲಿ ಬೀಸಿ ಓಡಿಸಿ, ಗುಂಡಿಯ ಅಂಚಿನಲ್ಲಿ ಕೂತು, ಎರಡೂ ಕೈ ಹಾಕಿ ಬಿಡಿಸತೊಡಗಿದಳು. ಸಿಕ್ಕಿತು ಒಂದು. ಒತ್ತಿದರೆ ಜೊಳ್ಳು. ಇನ್ನೊಂದು, ಅದೂ ಜೊಳ್ಳು. ದಪ್ಪ ಬೀಜವನ್ನೆಲ್ಲ ತೇತೆ ಹುರಿಯಲು ಆರಿಸಿಕೊಂಡಿದ್ದರಲ್ಲ, ಕೆಲಸದಲ್ಲಿ ಅಷ್ಟು ಅಚ್ಚುಕಟ್ಟು! ಮೂರು, ನಾಲ್ಕು, ಐದು, ಎಲ್ಲ ಕಾಗದದಂತೆ ತೆಳ್ಳಗೆ.

ಹಿಂದೆ ಕಾಲೆಳೆಯುವ ಸದ್ದು ಕೇಳಿತು. ಶುವಾಯಿ ತಿರುಗಲಿಲ್ಲ. ತೇತೆ ಗೋಡೆ ಹಿಡಿದು, "ಅಮ್ಮಾ" ಎಂದು ನರಳುತ್ತಾ, ಮಡಚದ ಆ ಕಾಲನ್ನು ಮಡಚಿ, ಅವಳ ಎದುರಿಗೆ ಕೆಸರಿನಲ್ಲಿ ಮಂಡಿಯೂರಿದರು. ಚರ್ಚಿನ ಬಿಳಿ ಲಂಗ ಸಿಪ್ಪೆಯ ಮೇಲೆ ಹರಡಿಕೊಂಡಿತು.

"ಏಳಿ ತೇತೆ, ಕಾಲು..."

"ಸುಮ್ನಿರು. ಹುಡುಕು."

ಇಬ್ಬರೂ ಹುಡುಕಿದರು. ತೇತೆ ಒಂದೊಂದು ನಾರನ್ನೂ ಎಳೆಎಳೆಯಾಗಿ ಬಿಡಿಸಿ, ಬೆಳಕಿಗೆ ಹಿಡಿದು, ಪಕ್ಕಕ್ಕೆ ಇಡುತ್ತಿದ್ದರು. ಜೊಳ್ಳುಗಳ ಗುಡ್ಡೆ ಬೆಳೆಯಿತು. ಅಂಗಳದ ಹೆಂಗಸರು ಹೇಳದೆ ಕೇಳದೆ ಹೊರಟುಹೋದದ್ದು ಗೇಟಿನ ಸದ್ದಿನಿಂದ ತಿಳಿಯಿತು.

"ಮುರೋರಾ" ಅಂದರು ತೇತೆ.

ಅವರ ಬಲಗೈ ಮೇಲೆದ್ದಿತ್ತು, ತೋರುಬೆರಳು ಅರ್ಧ ಚಾಚಿತ್ತು. ತಟ್ಟನೆ ಅದನ್ನು ಒಳಕ್ಕೆ ಮಡಚಿ ಬಿಗಿಯಾಗಿ ಮುಷ್ಟಿ ಕಟ್ಟಿದರು. ಆ ಮುಷ್ಟಿಯಿಂದಲೇ ಗುಂಡಿಯ ಮೂಲೆಯ ಒಂದು ಸಿಪ್ಪೆಯ ತುಂಡನ್ನು ತೋರಿಸಿದರು.

"ಅಲ್ಲಿ, ಆ ನಾರಿನ ಒಳಗೆ. ನೀನೇ ತೆಗಿ. ನಾನು ಮುಟ್ಟಲ್ಲ."

ಶುವಾಯಿ ಬಗ್ಗಿ ನಾರು ಬಿಡಿಸಿದಳು. ಒಂದು ಬೀಜ ಜಾರಿ ಅಂಗೈಗೆ ಬಿತ್ತು. ಎರಡು ಬೆರಳಲ್ಲಿ ಹಿಡಿದು ಒತ್ತಿ ನೋಡಿದಳು. ಗಟ್ಟಿಯಾಗಿತ್ತು.