ಕೊರಳಿನಿಂದ ಇಳಿಸಿದ್ದು

ಶವಪೆಟ್ಟಿಗೆಗೆ ವಿಭೂತಿ ಹಚ್ಚಲು ಈಶ್ವರಪ್ಪ ಬಾಗಿದಾಗ ಕೈಗವಸಿನ ಬೆರಳು ಒದ್ದೆ ಮರದ ಮೇಲೆ ಜಾರಿತು. ಮೂರು ಗೆರೆ ಮೂಡಬೇಕಾದಲ್ಲಿ ಒಂದು ಬೂದು ಕಲೆ ಉಳಿಯಿತು. ಅಂತ್ಯಕ್ರಿಯೆ ನಡೆಸಿಕೊಡುವ ಐರಿಷ್ ಮುದುಕ ಹಿಂದೆ ಸರಿಯುವಂತೆ ಕೈ ತೋರಿದ.

ಐರ್ಲೆಂಡಿನ ಅತ್ಲೋನ್ ಊರಿನ ಹೊರಗಿನ ಆ ಸ್ಮಶಾನದಲ್ಲಿ ಹತ್ತು ಜನಕ್ಕೆ ಅಪ್ಪಣೆಯಿತ್ತು. ಬಂದವರು ಮೂವರು: ಈಶ್ವರಪ್ಪ, ಸತ್ತವನ ಜೊತೆ ಒಂದೇ ಮನೆಯಲ್ಲಿದ್ದ ಆಕಾಶ್, ಡಬ್ಲಿನ್ನಿನಿಂದ ಬಂದ ನರ್ಸ್ ಶರ್ಮಿಳಾ. ಕೋವಿಡ್ ತಗುಲಿ ಮೂರು ವಾರ ವೆಂಟಿಲೇಟರಿನಲ್ಲಿದ್ದು ಮಹಾದೇವ ತೀರಿಕೊಂಡಿದ್ದ.

"ಅಕ್ಕ, ಒಂದ್ಸಲ ಕೇಳಿ ನೋಡಿ," ಎಂದ ಆಕಾಶ್. "ಕೊರಳಲ್ಲಿರೋ ಲಿಂಗಾನ ಕೈಗೆ ಇಟ್ರೆ ಸಾಕಲ್ವಾ."

"ಕೇಳಿದೆ ಕಣೋ. ಒಳಗಿನ ಬ್ಯಾಗ್ ಬಿಚ್ಚೋ ಹಾಗಿಲ್ಲ. ನಾವೂ ವಾರ್ಡಿಂದ ಹೀಗೇ ಕಳಿಸ್ತೀವಿ."

ಈಶ್ವರಪ್ಪ ಕೈಗವಸಿಗಂಟಿದ ವಿಭೂತಿ ಉಜ್ಜಿಕೊಂಡ. ಬಿಚ್ಚಿದರೂ ಆ ಕೊರಳಿನಲ್ಲಿ ಲಿಂಗವಿಲ್ಲವೆಂದು ಅವನೊಬ್ಬನಿಗೇ ಗೊತ್ತಿತ್ತು.

*

ಮಹಾದೇವ ದನದ ಡಾಕ್ಟರು. ತಿಪಟೂರಿನ ಸುತ್ತಲ ಹಳ್ಳಿಗಳಲ್ಲಿ ಕೈಗುಣದವನೆಂದು ಹೆಸರಿತ್ತು. ಇಲ್ಲಿ ಎಂ.ಎಸ್ಸಿ. ಮುಗಿಸಿದ ಮೇಲೂ, ಇನ್ನೊಂದು ಪರೀಕ್ಷೆ ದಾಟುವವರೆಗೆ ನೀನು ಡಾಕ್ಟರಲ್ಲ ಎಂದರು. ವರ್ಕ್ ಪರ್ಮಿಟ್ ಕೊಡಿಸಲು ಒಪ್ಪಿದ್ದು ಮಾಂಸದ ಫ್ಯಾಕ್ಟರಿಯೊಂದೇ. ಸೇರಿಸಿದವನು ಅಲ್ಲೇ ದುಡಿಯುತ್ತಿದ್ದ ಈಶ್ವರಪ್ಪ. ಊರಿನಲ್ಲಿದ್ದ ಹೆಂಡತಿ ಕಾತ್ಯಾಯಿನಿಗೆ ಕಂಪನಿಯ ದನಗಳನ್ನು ನೋಡಿಕೊಳ್ಳುತ್ತೇನೆಂದಷ್ಟೇ ಹೇಳಿದ್ದ.

ಮೊದಲ ದಿನ ಬಿಳಿ ಕೋಟು ತೊಟ್ಟವನು ಬಾಗಿಲಲ್ಲೇ ಎದೆ ಮುಟ್ಟಿಕೊಂಡು ನಿಂತ. ಉಸಿರಿರುವ ತನಕ ಮೈಯಿಂದ ಅಗಲಿಸಬಾರದ ಇಷ್ಟಲಿಂಗ. ಇದನ್ನು ಕಟ್ಟಿಕೊಂಡು ಆ ರಕ್ತದೊಳಗೆ ಹೇಗೆ ಹೋಗಲಿ ಎಂದು ಕೇಳಿದ.

"ನನ್ನ ಲಾಕರಲ್ಲಿಡು. ನಂದೂ ಅಲ್ಲೇ ಇರುತ್ತೆ," ಅಂದಿದ್ದ ಈಶ್ವರಪ್ಪ. "ಸ್ನಾನ ಮಾಡಿ ಕಟ್ಕೊಂಡ್ರಾಯ್ತು. ಶಿವ ಏನು ಶಿಫ್ಟ್ ನೋಡ್ತಾನಾ?"

ಎರಡು ವರ್ಷ, ಪ್ರತಿ ಶಿಫ್ಟಿನಲ್ಲೂ, ಎರಡೂ ಲಿಂಗಗಳು ಲಾಕರಿನ ಒಂದೇ ಮೊಳೆಗೆ ತೂಗಿದವು. ಮಾಂಸ ಪ್ಯಾಕ್ ಮಾಡುತ್ತ ಮಹಾದೇವ ಮಾತಿನಲ್ಲಿ ತನ್ನನ್ನೇ ಚುಚ್ಚಿಕೊಳ್ಳುತ್ತಿದ್ದ.

"ನನ್ನ ಕೈಗುಣ ನೋಡಿ ಅಣ್ಣ. ಇಲ್ಲಿ ನಾನು ಮುಟ್ಟಿದ ದನ ಒಂದೂ ನರಳಲ್ಲ."

ಒಂದು ಮಧ್ಯಾಹ್ನ ಪೆಟ್ಟಿಗೆಗಳ ನಡುವೆ ಕುಸಿದ. ಆಂಬುಲೆನ್ಸು ಅಲ್ಲಿಂದಲೇ ಒಯ್ದಿತು. ಮಿಕ್ಕವರನ್ನು ಕೆಲಸದ ಕೋಟಿನಲ್ಲೇ ಟೆಸ್ಟಿಗೆ ನಿಲ್ಲಿಸಿ, ಫ್ಯಾಕ್ಟರಿಗೆ ಬೀಗ ಜಡಿದರು. ಲಾಕರಿನಲ್ಲಿರುವ ಎರಡನ್ನೂ ಕೊಡಿಸಿ ಎಂದು ಈಶ್ವರಪ್ಪ ಫೋನಿನಲ್ಲಿ ಬೇಡಿಕೊಂಡ. ಗ್ರ್ಯಾಂಡ್, ಚಿಂತೆಯಿಲ್ಲ, ಒಳಗಿರುವುದೆಲ್ಲ ಭದ್ರ, ತೆರೆದಾಗ ತೆಗೆದುಕೊಳ್ಳಿ ಅಂದ ಸೂಪರ್‌ವೈಸರ್. ಬೀಗ ಇನ್ನೂ ತೆರೆದಿರಲಿಲ್ಲ.

*

ಪೆಟ್ಟಿಗೆ ಇಳಿಯಿತು. ಊರಾಗಿದ್ದರೆ ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟು ಮಣ್ಣು ಕೊಡುತ್ತಿದ್ದರು. ಶರ್ಮಿಳಾ ವೀಡಿಯೋ ಕಾಲ್ ಹಚ್ಚಿದ ಫೋನನ್ನು ಈಶ್ವರಪ್ಪನ ಮುಂದೆ ಹಿಡಿದಳು. ಕಾತ್ಯಾಯಿನಿ ಪೆಟ್ಟಿಗೆಯನ್ನು ನೋಡಲಿಲ್ಲ, ಅವನನ್ನೇ ನೋಡಿದಳು.

"ಅಣ್ಣ, ಅವ್ರ ಕೈಲಿ ಲಿಂಗ ಇಟ್ರಾ?"

ಆಕಾಶ್ ತಲೆ ತಗ್ಗಿಸಿದ.

"ಇಟ್ವಿ ತಾಯಿ," ಅಂದ ಈಶ್ವರಪ್ಪ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಅಷ್ಟು ಹೊತ್ತಿನ ಬಿಕ್ಕು ನಿಂತಿತು.

"ಹಾಗಾದ್ರೆ ನಿಮ್ದೂ ಕೈಗೆ ತಗೊಳ್ಳಿ ಅಣ್ಣ. ನಮ್ಮೋರು ಅಂತ ಅಲ್ಲಿರೋದು ನೀವೊಬ್ರೇ. ಮಣ್ಣು ಮುಚ್ಚೋವರ್ಗೂ ಇಬ್ರೂ ಹಿಡ್ಕೊಂಡಿರೋಣ."

ಪರದೆಯ ತುಂಬ ಅವಳ ಅಂಗೈ, ಅದರ ನಡುವೆ ಕಪ್ಪು ಲಿಂಗ.

ಈಶ್ವರಪ್ಪ ಕೋಟಿನ ಗುಂಡಿ ಬಿಚ್ಚಿ ಎದೆಯೊಳಗೆ ಕೈ ಹಾಕಿದ. ಮುಷ್ಟಿ ಬಿಗಿದು ಹೊರತೆಗೆದು, ಎಡ ಅಂಗೈಗೆ ಇಳಿಸಿ, ಬಲ ಅಂಗೈಯಿಂದ ಮುಚ್ಚಿ ಫೋನಿನೆತ್ತರಕ್ಕೆ ಹಿಡಿದ. ಮೊದಲ ಸಲಿಕೆ ಮಣ್ಣು ಮರದ ಮೇಲೆ ಬಿತ್ತು. ಒಳಗಿರುವುದು ಜಾರಿಬಿಟ್ಟೀತೆಂಬಂತೆ ಅವನು ಬೆರಳುಗಳ ಸಂದು ಬಿಗಿದುಕೊಂಡ.