ಎಡ ಹುರಿಯ ದಾರ

ಅಚ್ಚಿನ ಪುಟ್ಟಿ ಚೂರನ್ನು ಬಿಡಲಿಲ್ಲ. ಶರಣ್ಯ ಅಂಚಿಗೆ ಉಗುರು ತೂರಿಸಿ ಎಬ್ಬಿಸಿದಳು. ಹಲ್ಲಿನ ಡಾಕ್ಟರುಗಳು ಅಚ್ಚು ತೆಗೆಯಲು ಬಳಸುವ ಗುಲಾಬಿ ಬಣ್ಣದ ಪುಟ್ಟಿ ರಬ್ಬರಿನಂತೆ ಬಾಗಿ, ಮಡಕೆ ಚೂರಿನಿಂದ ಪಟ್ಟನೆ ಕಿತ್ತುಬಂತು. ಆ ಅಚ್ಚನ್ನು ಲೆನ್ಸಿನ ಕೆಳಗಿಟ್ಟಳು.

ಅಚ್ಚಿನಲ್ಲಿ ಮೂಡಿದ ಬಟ್ಟೆಯ ದಾರಗಳು ಬಲಕ್ಕೆ ಓರೆಯಾಗಿದ್ದವು.

ಲೆನ್ಸನ್ನು ದುಪಟ್ಟಾದಿಂದ ಒರೆಸಿದಳು. ಅಚ್ಚನ್ನು ತಲೆಕೆಳಗು ಮಾಡಿದಳು. ತಲೆಕೆಳಗು ಮಾಡಿದರೆ ಹುರಿಯ ಓರೆ ಬದಲಾಗುವುದಿಲ್ಲ ಎಂದು ಗೊತ್ತಿದ್ದೂ ಮಾಡಿದಳು. ಎದ್ದು ಫ್ಯಾನ್ ಆರಿಸಿ, ಮತ್ತೆ ಹಾಕಿದಳು. ಚೂರಿನ ಮೇಲೆ ಎಡಕ್ಕೆ ಓರೆ. ಅಚ್ಚಿನ ಮೇಲೆ ಬಲಕ್ಕೆ.

ಮೂರು ಸಾವಿರ ವರ್ಷದ ಹಿಂದೆ ಯಾರೋ ಹಸಿ ಮಡಕೆಯನ್ನು ಬಟ್ಟೆಯ ಮೇಲಿಟ್ಟಿದ್ದರು. ಬಟ್ಟೆ ಮಣ್ಣಾಯಿತು, ಗುರುತು ಉಳಿಯಿತು. ಬಲಗೈಯಲ್ಲಿ ಕದಿರು ತಿರುಗಿಸಿ ನೂತರೆ ದಾರ ಬಲಕ್ಕೆ ಓರೆ ಬೀಳುತ್ತದೆ, ಎಡಗೈಯಲ್ಲಾದರೆ ಎಡಕ್ಕೆ. ಚೂರನ್ನು ನೋಡಿದ ದಿನವೇ ಶರಣ್ಯ ಬರೆದುಬಿಟ್ಟಿದ್ದಳು: ಇದನ್ನು ನೂತವಳು ಎಡಗೈಯವಳು. ಒತ್ತಿದ ಗುರುತು ಕನ್ನಡಿಯಂತೆ ತಿರುಗಿರುತ್ತದೆ ಎಂಬುದು ಓದಿದ ಮೊದಲ ವರ್ಷದ ಪಾಠ. ಅದೊಂದನ್ನು ಮರೆತಿದ್ದಳು. ಅಥವಾ ಮರೆಯಬೇಕು ಅನ್ನಿಸಿತ್ತು.

ವಿಶ್ರುತ್ ಕಾಫಿ ಕಪ್ ಹಿಡಿದುಕೊಂಡೇ ಬಂದು ಬಗ್ಗಿ ನೋಡಿದ. ಮಹದೇವಪುರದ ಟೆಕ್ ಪಾರ್ಕಿನ ಲಾಬಿಯಲ್ಲಿ, ಅದೇ ಪಾರ್ಕಿನ ಪಾಯದಲ್ಲಿ ಸಿಕ್ಕ ವಸ್ತುಗಳ ಪುಟ್ಟ ಪ್ರದರ್ಶನ ಮಾಡುವ ಕೆಲಸ ಅವರಿಬ್ಬರದು. ಹೆಸರಿಗೆ ಅವನು ಬಾಸು. ಅವಳು ಬರೆದ ಸಾಲಿನ ಬೋರ್ಡು ಆಗಲೇ ಪ್ರಿಂಟಾಗಿ ಗೋಡೆಗೆ ಒರಗಿತ್ತು.

"'ಎಡಗೈಯವಳು' ಅನ್ನೋದರ ಮುಂದೆ 'ಇರಬಹುದು' ಅಂತ ಒಂದು ಸ್ಟಿಕರ್ ಹಾಕಿಬಿಡೋಣ್ವಾ?" ಅಂದ.

ಅವಳು ನಗಲಿಲ್ಲ. ಅವನೂ ಅಚ್ಚನ್ನು ಕೈಗೆ ತಗೊಂಡು ಬೆಳಕಿಗೆ ಹಿಡಿದ, ಆಮೇಲೆ ಬೋರ್ಡನ್ನು ಗೋಡೆ ಕಡೆ ತಿರುಗಿಸಿಟ್ಟ. ಹೊಸದು ಮಾಡಿಸೋದು ದೊಡ್ಡ ವಿಷಯವಲ್ಲ, ಕ್ಲೈಂಟಿಗೆ ನಾನು ಹೇಳ್ತೀನಿ ಅಂದ. ಬಾಗಿಲ ಹತ್ತಿರ ನಿಂತು ಮತ್ತೊಂದು ಮಾತು ಸೇರಿಸಿದ.

"ಆದ್ರೆ ನಿಮ್ಮ ಓನರ್ ಅಜ್ಜಿಗೆ ನೀನೇ ಹೇಳ್ಬೇಕು ಕಣೇ. ಅದು ನನ್ ಕೈಲಾಗಲ್ಲ."

ಬಸ್ಸಿನಲ್ಲಿ ಸೀಟಿದ್ದರೂ ಶರಣ್ಯ ಕೂರಲಿಲ್ಲ. ಕುಂದಲಹಳ್ಳಿಗೆ ಒಂದು ಸ್ಟಾಪ್ ಮೊದಲೇ ಇಳಿದು, ಅಗೆದ ಫುಟ್‌ಪಾತ್ ಮೇಲೆ ಕಲ್ಲಿನಿಂದ ಕಲ್ಲಿಗೆ ಹಾರುತ್ತ ನಡೆದಳು. ಅವಳು ಬಾಡಿಗೆಗಿದ್ದ ಮನೆ ಕೃಷ್ಣಮ್ಮನದು. ಆ ಪಾರ್ಕು ಎದ್ದ ಜಾಗವೂ ಒಂದು ಕಾಲಕ್ಕೆ ಕೃಷ್ಣಮ್ಮನವರ ರಾಗಿ ಹೊಲ. ಕೃಷ್ಣಮ್ಮ ಎಡಚಿ. ಚಿಕ್ಕಂದಿನಲ್ಲಿ ಊಟಕ್ಕೆ ಕೂತಾಗ ಅವಳವ್ವ ಎಡಗೈಯನ್ನು ಬೆನ್ನಿಗೆ ಕಟ್ಟುತ್ತಿದ್ದಳಂತೆ. ಮದುವೆಯಾದ ಮೇಲೆ ಯಾರ ಮನೆಯ ಪಂಕ್ತಿಯಲ್ಲೂ ಅವಳನ್ನು ಬಡಿಸಲು ಬಿಡಲಿಲ್ಲ. ಪಾತ್ರೆ ತೊಳೆಯುವ ಕಡೆ ಕೂರಿಸುತ್ತಿದ್ದರು. ಇದನ್ನೆಲ್ಲ ಕೃಷ್ಣಮ್ಮ ನಗುತ್ತಲೇ ಹೇಳಿದ್ದಳು. ಅದಕ್ಕೇ ಶರಣ್ಯ ಮಡಕೆ ಚೂರಿನ ಎಡಗೈಯವಳ ಸುದ್ದಿಯನ್ನು ಮೊಟ್ಟಮೊದಲು ಅವಳಿಗೆ ತಂದು ಕೊಟ್ಟಿದ್ದು.

ಅವತ್ತಿನಿಂದ ಕೃಷ್ಣಮ್ಮ ಎಡಗೈಯಲ್ಲೇ ಬಡಿಸತೊಡಗಿದಳು. ಸೊಸೆ ಶೋಭಾರಾಣಿ ಮುಖ ಗಂಟು ಹಾಕಿಕೊಂಡು ತಾನೇ ಸೌಟು ಕಿತ್ತುಕೊಳ್ಳಲು ನೋಡಿ ಸೋತಳು. ಗೌರಿ ಹಬ್ಬಕ್ಕೆ ಬಂದ ಪಕ್ಕದ ಮನೆಯ ವನಜಾ ಎಡಗೈಯಲ್ಲಿ ಚಾಚಿದ ತಾಂಬೂಲವನ್ನು ಮುಟ್ಟದೆ ನಿಂತಾಗ ಕೃಷ್ಣಮ್ಮ ಸಾವಕಾಶವಾಗಿ ಹೇಳಿದ್ದಳು: "ತಗಳಮ್ಮ. ಈ ಕೈ ನಿಮ್ಮ ದೇವಸ್ಥಾನಕ್ಕಿಂತ ಅಳೇದು." ವನಜಾ ತಗೊಂಡಿದ್ದಳು. ಶರಣ್ಯ ಮೆಟ್ಟಿಲ ಮೇಲೆ ನಿಂತು ನೋಡಿ, ತಾನೇ ಏನೋ ಗೆದ್ದವಳಂತೆ ಎರಡೆರಡು ಮೆಟ್ಟಿಲು ಹತ್ತಿ ರೂಮಿಗೆ ಹೋಗಿದ್ದಳು.

ಈಗ ಕೃಷ್ಣಮ್ಮ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಳು. ಕಾಫಿ ಕುದಿಯುತ್ತಿತ್ತು. ಶರಣ್ಯ ಕೂರದೆ, ಬಾಗಿಲಿಗೂ ಒರಗದೆ, ಬ್ಯಾಗಿನ ಜಿಪ್ಪು ಎಳೆಯುತ್ತ ಬಿಡುತ್ತ ನಿಂತಳು. ಆಮೇಲೆ ತಟ್ಟೆಯಲ್ಲಿದ್ದ ಚಪಾತಿ ಹಿಟ್ಟಿನ ಉಂಡೆಗೆ ಬ್ಯಾಗಿನ ಹುರಿದಾರ ಒತ್ತಿ, ತೆಗೆದು, ತೋರಿಸಿದಳು. ದಾರ ನೋಡಿ ಅಜ್ಜಿ, ಈ ಕಡೆ ವಾಲಿದೆ. ಗುರುತು ನೋಡಿ, ಆ ಕಡೆ.

ಕೃಷ್ಣಮ್ಮ ಕನ್ನಡಕ ಏರಿಸಿಕೊಂಡು ನೋಡಿದಳು. "ಸೀಲಿನ ಅಕ್ಸರ ತಿರುಗಿರ್ತದಲ್ಲ, ಅಂಗೆ."

"ಹೌದಜ್ಜಿ. ನಾನು ಅದನ್ನ ನೋಡ್ಲಿಲ್ಲ."

"ಅಂಗಾರೆ ಅವಳು ಬಲಗೈಯೋಳೇ."

"ಹೂಂ."

"ಎಲ್ಲರಂಗೆ."

ಕೃಷ್ಣಮ್ಮ ಹಿಟ್ಟಿನ ಮೇಲಿನ ಗುರುತನ್ನು ಹೆಬ್ಬೆರಳಿಂದ ತಿಕ್ಕಿ ಅಳಿಸಿ, ಉಂಡೆಯನ್ನು ಮತ್ತೆ ದುಂಡಗೆ ಮಾಡಿಟ್ಟಳು. ಹೊರಗೆ ನೀರಿನ ಟ್ಯಾಂಕರ್ ರಿವರ್ಸ್ ತೆಗೆದುಕೊಳ್ಳುತ್ತ ಒಂದೇ ಸಮ ಪೀಂಗುಟ್ಟುತ್ತಿತ್ತು. ಶರಣ್ಯ ಬೇಗ ಬೇಗ ಮಾತಾಡತೊಡಗಿದಳು: ಒಂದು ಚೂರು ಅಷ್ಟೇ ಅಜ್ಜಿ, ಅಲ್ಲಿ ಇನ್ನೂ ಎಷ್ಟೋ ಜನ ನೂತಿರ್ತಾರೆ, ಅದರಲ್ಲಿ ಎಡಗೈಯವರು ಇದ್ದೇ ಇರ್ತಾರೆ. ತನ್ನ ದನಿ ತನಗೇ ವಿಶ್ರುತನ ಸ್ಟಿಕರಿನಂತೆ ಕೇಳಿ ನಿಲ್ಲಿಸಿದಳು.

"ಇರ್ಲಿ ಬಿಡು ಮಗ. ನೀನೇನು ಬೇಕಂತ ಮಾಡ್ದ್ಯಾ," ಎಂದಳು ಕೃಷ್ಣಮ್ಮ.

ಒಲೆ ಆರಿಸಿ ಕಾಫಿಯನ್ನು ಲೋಟಕ್ಕೆ ಬಗ್ಗಿಸಿದಳು, ಎಡಗೈಯಲ್ಲಿ, ಒಂದು ಹನಿ ಚೆಲ್ಲದೆ. ಲೋಟ ಎತ್ತಿಕೊಂಡು ತಿರುಗಿದವಳು ಅರೆಕ್ಷಣ ನಿಂತಳು. ಬಾಗಿಲಾಚೆ ಶೋಭಾರಾಣಿಯ ಚಪ್ಪಲಿ ಸದ್ದಾಯಿತು. ಕೃಷ್ಣಮ್ಮ ಲೋಟವನ್ನು ಬಲಗೈಗೆ ಬದಲಾಯಿಸಿದಳು. ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಬಲಗೈಯಲ್ಲಿ ಲೋಟ ವಾಲಿ, ಕಾಫಿ ಅಂಚು ದಾಟಿ ಅವಳ ಬೆರಳ ಮೇಲೆ ಇಳಿಯಿತು.

"ತಗೋ, ಆರೋಯ್ತದೆ."

ಶರಣ್ಯ ಕೈ ಚಾಚಲಿಲ್ಲ.

"ಬೇಡ ಅಜ್ಜಿ," ಅಂದಳು. "ಆ ಕೈಲಿ ಕೊಟ್ರೆ ನನಗೆ ಬೇಡ."