ಕೌದಿಯ ಕೊನೆಯ ಮೂಲೆ

ದೇಶನೂರಿನ ಉಚ್ಚೆಂಗೆಮ್ಮನ ಕೈಗೆ ಸಿಕ್ಕ ಬಟ್ಟೆಗೆ ಸಾವೆಂಬುದಿಲ್ಲ. ಸೀರೆ ಹರಿದರೆ ತೊಟ್ಟಿಲಾಗುತ್ತದೆ, ತೊಟ್ಟಿಲು ಹರಿದರೆ ಕೈವಸ್ತ್ರ, ಅದೂ ಸವೆದರೆ ದೀಪದ ಬತ್ತಿ. ಜಿಪುಣಿ ಎಂದು ನಗುವವರು ನಗಲಿ ಬಿಡಿ. ಊರಿನ ಅರ್ಧ ಕೂಸುಗಳು ಬೋರಲು ಬಿದ್ದದ್ದು ಅವಳು ಹೊಲಿದ ಕೌದಿಯ ಮೇಲೆಯೇ.

ಈಗ ಮಗಳು ಸುಮಂಗಲಾ ಬಾಣಂತನಕ್ಕೆ ಬಳ್ಳಾರಿಯಿಂದ ತವರಿಗೆ ಬಂದಿದ್ದಳು. ಮೊಮ್ಮಗಳ ಕೌದಿಗೆ ಮನೆಯ ಹೆಂಗಸರ ಹಳೆಯ ನೂಲಿನ ಸೀರೆಗಳೆಲ್ಲ ಸೇರಿದ್ದವು. ಒಂದು ಮೂಲೆ ಮಾತ್ರ ಬಾಕಿ. ಅದು ಹಂಪಯ್ಯನದು. ಮೊಮ್ಮಗಳ ಮುಖ ನೋಡದೆ ಹೋದ ಗಂಡನ ಒಂದು ತುಂಡಾದರೂ ಕೂಸಿನ ಮೈಗೆ ತಾಗಬೇಕೆಂಬುದು ಉಚ್ಚೆಂಗೆಮ್ಮನ ಹಟ. ಆದರೆ ಅವನನ್ನು ಮಣ್ಣು ಮಾಡಿದ ದಿನವೇ ಅವನ ಬಟ್ಟೆಯೆಲ್ಲ ಅವರಿವರ ಪಾಲಾಗಿತ್ತು. ಉಳಿದದ್ದು ಕೊಟ್ಟಿಗೆಯ ಗೂಟದಲ್ಲಿದ್ದ ನೀಲಿ ಅಂಗಿ ಒಂದೇ. ಭತ್ತಕ್ಕೆ ಹುಳ ಕೊಲ್ಲುವ ವಿಷದ ಎಣ್ಣೆ ಹೊಡೆಯುವಾಗ ಅವನು ತೊಡುತ್ತಿದ್ದ ಅಂಗಿ ಅದು.

ಅದನ್ನು ಸೋಪು ಹಾಕಿ ಉಜ್ಜಿದಳು, ಬಿಸಿನೀರಲ್ಲಿ ಕುದಿಸಿದಳು, ಬಿಸಿಲಿಗೆ ಹರವಿದಳು. ಮೂಸಿ ನೋಡಿ, ವಾಸನೆ ಹೋಗಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಆಸೆಗೆ ಮೂಗೆಲ್ಲಿ?

ಮಧ್ಯಾಹ್ನ ಕತ್ತರಿ ಹಿಡಿದು ಪಡಸಾಲೆಯಲ್ಲಿ ಕುಳಿತಳು. ಗದ್ದೆಯ ಮೇಲಿಂದ ತಂಪು ಗಾಳಿ ಬೀಸಿತು. ಕಾಲುವೆಯ ನೀರಿನ ಸದ್ದು ಹತ್ತಿರ ಬಂದಂತೆ, ದೂರ ಹೋದಂತೆ ಆಯಿತು. ಕಣ್ಣು ಮುಚ್ಚಿದವೋ ಇಲ್ಲವೋ, ಅಂಗಳದಲ್ಲಿ ಹಂಪಯ್ಯ ನಿಂತಿದ್ದ. ಮೈಮೇಲೆ ಅದೇ ನೀಲಿ ಅಂಗಿ. ಮತ್ತೊಬ್ಬರು ನೀರು ತುಂಬದಿರಲಿ ಎಂದು ಖಾಲಿ ಎಣ್ಣೆ ಡಬ್ಬಿಗೆ ಮೊಳೆಯಿಂದ ತೂತು ಹೊಡೆಯುತ್ತಿದ್ದ, ಬದುಕಿದ್ದಾಗ ಹೊಡೆಯುತ್ತಿದ್ದಂತೆಯೇ. ಉಚ್ಚೆಂಗೆಮ್ಮ ಕೂಸನ್ನು ಅವನತ್ತ ಚಾಚಿದಳು. ಅವನು ಹಿಂದೆ ಸರಿದ.

“ದೂರ ಇರು. ಮೈಮ್ಯಾಲೆ ಎಣ್ಣಿ ಐತಿ. ಜಳಕ ಮಾಡಿ ಎತ್ಕಂತೀನಿ.”

ಸುಮಂಗಲಾ ಕೂಸಾಗಿದ್ದಾಗಲೂ ಅವನದು ಇದೇ ಮಾತು. ಅಂಗಿಯನ್ನು ಕೊಟ್ಟಿಗೆಯಲ್ಲೇ ಕಳಚಿ, ಜಳಕ ಮಾಡಿ, ಕೆಂಪು ಚೌಕಳಿಯ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದ ಮೇಲೆಯೇ ಮಗಳನ್ನು ಎತ್ತಿಕೊಳ್ಳುತ್ತಿದ್ದ.

ಎಚ್ಚರವಾದಾಗ ಕತ್ತರಿ ಕೈಯಲ್ಲೇ ಇತ್ತು. ಉಚ್ಚೆಂಗೆಮ್ಮನಿಗೆ ಅಳು ಬಂತು. ಬದುಕಿದ್ದಾಗ ಕೂಸಿಗೆ ತಾಗಿಸದ ಅಂಗಿಯನ್ನು ಸತ್ತ ಮೇಲೆ ಅವನ ಹೆಸರಲ್ಲಿ ಹಾಸಲು ಹೊರಟಿದ್ದಳಲ್ಲ. ಬೇರೆ ಯಾರೂ ತೊಡದಂತೆ ಅಂಗಿಯ ತೋಳುಗಳನ್ನು ಕತ್ತರಿಸಿ, ಕೊಟ್ಟಿಗೆಯಲ್ಲಿ ಅವನ ತೂತು ಡಬ್ಬಿಗಳಿದ್ದ ಚೀಲಕ್ಕೆ ಹಾಕಿ ಬಾಯಿ ಕಟ್ಟಿದಳು. ಜೀವಮಾನದಲ್ಲಿ ಅವಳು ಎಸೆದ ಮೊದಲ ಬಟ್ಟೆ ಅದು.

ಇನ್ನು ಅವನ ತುಂಡಿಲ್ಲದೆಯೇ ಮೂಲೆಯನ್ನು ಮುಚ್ಚುವುದು. ಮುಚ್ಚುವ ಮುಂಚೆ ಒಳಗೆ ಒಣರೊಟ್ಟಿಯ ಚೂರು ಇಡಬೇಕು, ಕೌದಿ ಹಸಿದಿರಬಾರದು ಎಂದು ಅವಳ ಅವ್ವ ಹೇಳಿಕೊಟ್ಟಿದ್ದಳು. ರೊಟ್ಟಿಗೆಂದು ಅಡುಗೆಮನೆಗೆ ಹೋಗಿ ಬುಟ್ಟಿಯ ಬಟ್ಟೆ ಸರಿಸಿದವಳು ಹಾಗೇ ನಿಂತಳು. ಕೆಂಪು ಚೌಕಳಿ. ಟವೆಲ್ ಹರಿದಾಗ ಅವಳೇ ಅರ್ಧ ಕತ್ತರಿಸಿ ರೊಟ್ಟಿ ಸುತ್ತಲು ಇಟ್ಟುಕೊಂಡಿದ್ದಳು. ದಿನವೂ ಮುಟ್ಟಿದ್ದನ್ನು ಒಂದು ದಿನವೂ ನೋಡಿರಲಿಲ್ಲ.

ಸಂಜೆ ಕೌದಿಯ ಮೇಲೆ ಮಲಗಿದ ಕೂಸು ಹೊರಳಿ, ಆ ಮೂಲೆಗೆ ಕೆನ್ನೆ ಇಟ್ಟಿತು. ಸುಮಂಗಲಾ ಬಗ್ಗಿ ನೋಡಿದಳು.

“ಯವ್ವಾ, ಇದು ಅಪ್ಪನ ಟವೆಲ್ ಅಲ್ಲೇನು?”

“ಹೂಂ,” ಎಂದಳು ಉಚ್ಚೆಂಗೆಮ್ಮ. “ಜಳಕ ಮಾಡಿ ಬಂದಾನ. ಎತ್ಕಳ್ಳಲಿ ಬಿಡು.”